ಒಣಬೇಸಾಯದ ಗೋಧಿ ತಳಿ ಬೆಳೆಸುವಾಗ ಬೇರಿನಲ್ಲಿ ಏನನ್ನು ನೋಡುತ್ತಾರೆ?

ಬೇರು ಜಾಸ್ತಿ ಇದ್ದರೆ ಸಾಕು ಅನಿಸುತ್ತದೆ, ಅಲ್ವಾ? ಆದರೆ ಮೇಲ್ಮಣ್ಣಿನಲ್ಲೇ ಹರಡಿದ ಬೇರು ತೇವವನ್ನೆಲ್ಲ ಬೇಗ ಹೀರಿಬಿಟ್ಟರೆ, ಕಾಳು ಕಟ್ಟುವ ಹೊತ್ತಿಗೆ ಗಿಡಕ್ಕೆ ನೀರೇ ಇರುವುದಿಲ್ಲ. ಬೇಕಾಗಿರುವುದು ಆಳಕ್ಕಿಳಿಯುವ ಬೇರು. ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ, ಹೂ ಬಿಟ್ಟ ಮೇಲೆ 1.35ರಿಂದ 1.85 ಮೀಟರ್ ಆಳದಿಂದ ಗಿಡಗಳಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಬರೀ 10.5 ಮಿಲಿಮೀಟರ್ ನೀರು. ಇಳುವರಿ ಹೆಕ್ಟೇರಿಗೆ 0.62 ಟನ್ ಏರಿತು!

ಸಾವಿರಾರು ಗಿಡಗಳ ಬೇರನ್ನು ಅಗೆದು ನೋಡಲು ಆಗುವುದಿಲ್ಲ. ಹಾಗಾಗಿ ಮೊಳಕೆಯಲ್ಲೇ ಆರಿಸುತ್ತಾರೆ. ಪಾರದರ್ಶಕ ಕುಂಡದ ಅಂಚಿಗೆ ಒತ್ತಿ ಬೀಜ ಹಾಕಿದರೆ, ಕೆಲವೇ ದಿನಗಳಲ್ಲಿ ಮೊದಲ ಬೇರುಗಳು ಹೊರಗಿನಿಂದಲೇ ಕಾಣುತ್ತವೆ. ಅವುಗಳ ನಡುವಿನ ಕೋನ ಕಿರಿದಾಗಿದ್ದರೆ ಬೇರು ನೇರ ಕೆಳಗಿಳಿಯುವ ಸಾಧ್ಯತೆ ಜಾಸ್ತಿ.

ನನಗೆ ಬಹಳ ಹಿಡಿಸಿದ ದಾರಿ ಇನ್ನೊಂದಿದೆ. ರಿಚರ್ಡ್ಸ್ ಮತ್ತು ಪಾಸಿಯೂರಾ ಎಂಬ ವಿಜ್ಞಾನಿಗಳು ತಳಿ ಆಯ್ಕೆಯ ಮೂಲಕ ಬೇರಿನೊಳಗಿನ ನೀರಿನ ನಾಳವನ್ನೇ ಕಿರಿದು ಮಾಡಿದರು. 65 ಮೈಕ್ರೋಮೀಟರಿಗಿಂತ ಅಗಲವಿದ್ದದ್ದು 55ಕ್ಕಿಂತ ಕೆಳಗಿಳಿಯಿತು. ಗಿಡ ನೀರನ್ನು ನಿಧಾನವಾಗಿ ಬಳಸಿ ಕಾಳಿನ ಹಂತಕ್ಕೆ ಉಳಿಸಿತು. ತೀರಾ ಒಣ ಜಾಗಗಳಲ್ಲಿ ಇಳುವರಿ ಶೇ. 3ರಿಂದ 11ರಷ್ಟು ಹೆಚ್ಚಿತು.

ಕೆಳಮಣ್ಣಿನಲ್ಲಿ ತೇವವೇ ಇಲ್ಲದಿದ್ದರೆ ಅಥವಾ ಉಪ್ಪು, ಗಟ್ಟಿ ಪದರ ಇದ್ದರೆ ಆಳದ ಬೇರಿನಿಂದ ಹೆಚ್ಚು ಲಾಭವಿಲ್ಲ. ಹಾಗಾಗಿ ತಳಿ ಆರಿಸುವ ಮೊದಲು ಮಣ್ಣನ್ನು ಆಳದವರೆಗೆ ಪರೀಕ್ಷಿಸಿ.