ಫೈಟರ್ ಸಿಗದ ಮಗನಿಗೆ ಎಲ್ಲರೂ ಸಮಾಧಾನ ಹೇಳಿದಾಗ

(ಗುರುತು ಸಿಗಬಾರದೆಂದು ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವಿನಯ್‌ಗೆ 23 ವರ್ಷ. ವಾಯುಪಡೆಯಲ್ಲಿ ಫ್ಲೈಟ್ ಕೆಡೆಟ್, ಅಂದರೆ ಪೈಲಟ್ ಆಗಲು ತರಬೇತಿ ಪಡೆಯುತ್ತಿರುವವನು. ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಪಿಲಾಟಸ್ ವಿಮಾನದ ಮೇಲೆ ಮೊದಲ ಹಂತ ಮುಗಿಸಿದ್ದ. ಅದಾದ ಮೇಲೆ ಕೆಡೆಟ್‌ಗಳನ್ನು ಫೈಟರ್ (ಯುದ್ಧವಿಮಾನ), ಟ್ರಾನ್ಸ್‌ಪೋರ್ಟ್ (ಸಾಗಣೆ ವಿಮಾನ), ಹೆಲಿಕಾಪ್ಟರ್ ಎಂದು ಹಂಚುತ್ತಾರೆ. ಇವನಿಗೆ ಹೆಲಿಕಾಪ್ಟರ್ ಬಂತು. ಹಕೀಂಪೇಟೆಯಲ್ಲಿ ಚೇತಕ್ ಎಂಬ ಹೆಲಿಕಾಪ್ಟರ್ ಕಲಿಯಲು ಶುರುಮಾಡಿ ಕೆಲವೇ ವಾರಗಳಾಗಿದ್ದವು. ರಜೆಗೆ ಧಾರವಾಡಕ್ಕೆ ಬಂದವನಿಗೆ ಊಟ ಸೇರುತ್ತಿರಲಿಲ್ಲ, ರಾತ್ರಿ ನಿದ್ದೆಯೂ ಇಲ್ಲ. ತಾಯಿ ಸಲಹೆಗೆಂದು ನನ್ನ ಬಳಿ ಕರೆತಂದರು.

ಮನೆಯಲ್ಲಿ ಎಲ್ಲರೂ ಅವನಿಗೆ ಧೈರ್ಯ ಹೇಳಿ ಆಗಿತ್ತು. ಸಿಯಾಚಿನ್‌ನಲ್ಲಿ ಸೈನಿಕರಿಗೆ ಸಾಮಾನು ಮುಟ್ಟಿಸುವುದು ಹೆಲಿಕಾಪ್ಟರ್ ಅಲ್ವಾ ಅಂದರು ಸೋದರಮಾವ. 2019ರಲ್ಲಿ ಕೃಷ್ಣೆ ಉಕ್ಕಿದಾಗ ಜನರನ್ನು ಎತ್ತಿದ್ದು ಯಾರು ಎಂದು ಕೇಳಿದರು ಚಿಕ್ಕಪ್ಪ. ಮಾತೆಲ್ಲ ನಿಜವೇ. ಆದರೆ ವಿನಯ್ ನನಗೆ ಹೇಳಿದ್ದು ಇದು: “ಫೈಟರ್ ಸಿಕ್ಕವರಿಗೆ ಯಾರೂ ಹಿಂಗ ಸಮಾಧಾನ ಹೇಳಂಗಿಲ್ರೀ ಮೇಡಂ.”

ಅವನು ಹೇಳಿದ್ದು ಸರಿ. ಹಾಗಾಗಿ ನಾನು ಸಮಾಧಾನದ ಗೋಜಿಗೆ ಹೋಗಲಿಲ್ಲ. ಫೈಟರ್ ಹೋಯಿತು ಅಂದರೆ ನಿನಗೆ ಏನೇನು ಹೋಯಿತು ಎಂದು ಕೇಳಿದೆ. ಸುಖೋಯ್ ಯುದ್ಧವಿಮಾನ, ಯೂನಿಫಾರ್ಮ್, ಹೆಸರು ಅಂತೇನೋ ಹೇಳುತ್ತಾನೆ ಅಂದುಕೊಂಡಿದ್ದೆ. ಅವನು ಪಿಲಾಟಸ್‌ನಲ್ಲಿ ಲೂಪ್ ಹೊಡೆಯುವುದನ್ನು ಹೇಳಿದ. ತಲೆಕೆಳಗಾದಾಗ ನೆಲ ಮೇಲೆ ಕಾಣುವುದನ್ನು ಕೈಯಲ್ಲೇ ತೋರಿಸಿದ. ಚೇತಕ್‌ನಲ್ಲಿ ಅದು ಇಲ್ಲ. “ಹೌದು, ಆ ಆಟ ಮುಗಿಯಿತು” ಅಂದೆ. ತುಂಬ ಹೊತ್ತು ಅತ್ತ.

ನಿಜವಾದ ಗಂಟು ಸಿಕ್ಕಿದ್ದು ಮುಂದಿನ ಭೇಟಿಯಲ್ಲಿ. ಅವನಿಗೆ ಹೋವರ್ ಕೂರುತ್ತಿರಲಿಲ್ಲ. ಅಂದರೆ ಹೆಲಿಕಾಪ್ಟರನ್ನು ನೆಲದಿಂದ ಸ್ವಲ್ಪ ಮೇಲೆ, ಒಂದೇ ಜಾಗದಲ್ಲಿ ಅಲುಗಾಡದೆ ನಿಲ್ಲಿಸುವುದು. ಎಡಗೈಯಲ್ಲಿ ಯಂತ್ರವನ್ನು ಮೇಲೆ ಕೆಳಗೆ ಮಾಡುವ ಹಿಡಿ ಕಲೆಕ್ಟಿವ್, ಬಲಗೈಯಲ್ಲಿ ಹಿಂದೆ ಮುಂದೆ, ಅಕ್ಕಪಕ್ಕ ಒಯ್ಯುವ ಹಿಡಿ ಸೈಕ್ಲಿಕ್, ಕಾಲಿನ ಕೆಳಗೆ ಮೂಗು ತಿರುಗಿಸುವ ಪೆಡಲ್. ಕಲೆಕ್ಟಿವ್ ಎತ್ತಿದರೆ ಮೂಗು ತಿರುಗುತ್ತದೆ. ಅದನ್ನು ಪೆಡಲ್‌ನಲ್ಲಿ ಸರಿಮಾಡುವಷ್ಟರಲ್ಲಿ ಯಂತ್ರ ಪಕ್ಕಕ್ಕೆ ಜಾರುತ್ತದೆ. ಗಾಬರಿಯಿಂದ ಸೈಕ್ಲಿಕ್ ಜಾಸ್ತಿ ಎಳೆದರೆ ಇನ್ನೊಂದು ಕಡೆಗೆ ಓಡುತ್ತದೆ. ವಿಮಾನ ಹಾರಿಸಿ ಬಂದ ಕೈಗೆ ಇದು ಪೂರ್ತಿ ಹೊಸದು. ಶುರುವಿನಲ್ಲಿ ಎಲ್ಲ ಕೆಡೆಟ್‌ಗಳೂ ಹೀಗೇ ಒದ್ದಾಡುತ್ತಾರೆ. ಆದರೆ ವಿನಯ್ ತನಗೆ ತಾನೇ ಏನು ಹೇಳಿಕೊಳ್ಳುತ್ತಿದ್ದ ಗೊತ್ತೇ? “ಕೈಲಾಗದವರಿಗೆ ಕೊಡೋದೂ ನನಗೆ ಬರವಲ್ದು.” ಹೆಲಿಕಾಪ್ಟರ್ ಎಂದರೆ ಕೆಳಗಿನ ದರ್ಜೆ ಎಂದು ಮೊದಲೇ ತೀರ್ಮಾನಿಸಿದ್ದರಿಂದ ಮಾಮೂಲಿ ತಡವರಿಕೆ ಕೂಡ ಎರಡನೇ ಸೋಲಾಗಿ ಕಾಣುತ್ತಿತ್ತು. ಇದು ಬರೀ ಬೇಸರದ ವಿಷಯವಲ್ಲ. ಪದೇಪದೇ ಪರೀಕ್ಷಾ ಹಾರಾಟದಲ್ಲಿ ಎಡವಿದರೆ ಹಾರುವ ತರಬೇತಿಯಿಂದಲೇ ಹೊರಬೀಳಬಹುದು.

ಅವನಿಗೆ ಕೊಟ್ಟ ಸಲಹೆ ದೊಡ್ಡದೇನಲ್ಲ. ನಿದ್ದೆ ಇಲ್ಲದ ವಿಷಯವನ್ನು ಇನ್‌ಸ್ಟ್ರಕ್ಟರ್‌ಗೆ ಬಾಯಿಬಿಟ್ಟು ಹೇಳು. ಬಚ್ಚಿಟ್ಟುಕೊಂಡು ಹಾರುವುದು ನಿನಗೂ ಪಕ್ಕದಲ್ಲಿ ಕೂತವರಿಗೂ ಅಪಾಯ. ಸಂಜೆ ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸುತ್ತ ಮನಸ್ಸಿನಲ್ಲೇ ಹಾರಿಸುವ ಅಭ್ಯಾಸ ಕೆಡೆಟ್‌ಗಳಿಗೆ ಗೊತ್ತಿರುವುದೇ. ಅದನ್ನು ಇವನು ಬಿಟ್ಟುಬಿಟ್ಟಿದ್ದ, ಮತ್ತೆ ಶುರುಮಾಡಿಸಿದೆ. ತರಬೇತಿ ಬಿಟ್ಟು ಬರಬೇಕೋ ಬೇಡವೋ ಎಂಬ ತೀರ್ಮಾನವನ್ನು ಹೋವರ್ ಕೂತ ಮೇಲೆ ತಗೋ, ಅದಕ್ಕೂ ಮೊದಲು ಬೇಡ ಅಂದೆ.

ತಂದೆಯನ್ನು ಬೇರೆಯಾಗಿ ಕೂರಿಸಿ ಮಾತಾಡಿದೆ. “ಸುಖೋಯ್ ಹಾರಸ್ತಾನ ಅಂತ ಊರ ತುಂಬ ಹೇಳೇನಿ. ಈಗ ಮಂದಿಗೆ ಏನ್ ಹೇಳ್ಲಿ?” ಅಂದರು. ಒಳ್ಳೆಯ ಮನುಷ್ಯ, ಮಗನ ಮೇಲೆ ಪ್ರಾಣ. ಆದರೆ ಊರಿಗೆ ಉತ್ತರ ಕೊಡುವ ಹೊರೆ ಅವರಿಗೆ ತಿಳಿಯದೇ ಮಗನ ತಲೆ ಮೇಲೆ ಬಂದಿತ್ತು. “ಹೆಲಿಕಾಪ್ಟರ್ ಪೈಲಟ್ ಆಗ್ತಿದ್ದಾನೆ ಅನ್ನಿ, ಅಷ್ಟು ಸಾಕು. ‘ಫೈಟರ್ ಸಿಗಲಿಲ್ಲ, ಆದರೂ’ ಅಂತ ಶುರುಮಾಡಬೇಡಿ” ಎಂದೆ.

ಮುಂದೆ ಪ್ರಮೋಷನ್ ಹೇಗೆ ಎಂದೂ ಕೇಳಿದರು. ಸುಮ್ನೆ ಬಣ್ಣ ಹಚ್ಚಿ ಹೇಳುವುದು ನನಗಾಗದು. ವಾಯುಪಡೆಯ ಮುಖ್ಯಸ್ಥರ ಕುರ್ಚಿಗೆ ಹೆಚ್ಚಾಗಿ ಬಂದಿರುವುದು ಫೈಟರ್‌ನವರೇ. ಹಾಗಂತ ಫೈಟರೋ ಹೆಲಿಕಾಪ್ಟರೋ, ಯಾವ ದಾರಿ ಸಿಗುತ್ತದೆ ಎಂಬುದು ಬರೀ ಅಂಕದ ಮಾತಲ್ಲ. ಕೆಡೆಟ್‌ನ ಕೈಗುಣ, ಅವನ ಇಷ್ಟ, ಆ ಹೊತ್ತಿಗೆ ಪಡೆಗೆ ಎಲ್ಲಿ ಎಷ್ಟು ಜನ ಬೇಕು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸೇವೆ ಮುಗಿದ ಮೇಲೆ ಮುಂಬೈ ಕಡಲಿನ ತೈಲ ಬಾವಿಗಳಿಗೆ, ಕೇದಾರನಾಥಕ್ಕೆ ಹಾರುವ ನಾಗರಿಕ ಹೆಲಿಕಾಪ್ಟರ್‌ಗಳಲ್ಲಿ ಕೆಲಸಕ್ಕೆ ಹೋದವರೂ ಇದ್ದಾರೆ.

ರಜೆ ಮುಗಿಸಿ ಹೋದ ವಿನಯ್ ಆಮೇಲೆ ಫೋನ್ ಮಾಡಿದ್ದ. ಇನ್‌ಸ್ಟ್ರಕ್ಟರ್ ಬೈಯಲಿಲ್ಲವಂತೆ, ತಮ್ಮ ಹೋವರ್ ಕಥೆ ಹೇಳಿ ನಕ್ಕರಂತೆ. ಇವನ ಹೋವರ್ ಇನ್ನೂ ಒಂದು ದಿನ ಕೂರುತ್ತದೆ, ಇನ್ನೊಂದು ದಿನ ಇಲ್ಲ. ಊಟ ಸರಿಹೋಗಿದೆ, ನಿದ್ದೆ ಅರ್ಧಂಬರ್ಧ. ಗೆಳೆಯನೊಬ್ಬ ನಿದ್ದೆ ಮಾತ್ರೆ ತಂದುಕೊಡುತ್ತೇನೆ ಅಂದಿದ್ದಾನೆ, ತಗೊಳ್ಳಲೇ ಎಂದು ಕೇಳಿದ. ಖಂಡಿತ ಬೇಡ ಅಂದೆ. ಹಾರುವವರು ನೆಗಡಿ ಮಾತ್ರೆಯನ್ನೂ ಅಲ್ಲಿನ ವೈದ್ಯರಿಗೆ ಹೇಳದೆ ನುಂಗಬಾರದು. ನಾಳೆಯೇ ಹೋಗಿ ಅವರನ್ನು ನೋಡು ಎಂದು ಹೇಳಿದ್ದೇನೆ.