ಪ್ಲಾನಿಂಗ್ ಡೆಸ್ಕೋ, ಗಣಿಯೋ?

ಮೈನಿಂಗ್ ಬಿ.ಟೆಕ್ ಮುಗಿಸಿ ಎರಡು ಆಫರ್ ಕೈಯಲ್ಲಿವೆ, ಬೆಂಗಳೂರಿನ ಪ್ಲಾನಿಂಗ್ ಆಫೀಸೋ, ಸಂಡೂರಿನ ಕಬ್ಬಿಣದ ಅದಿರಿನ ಗಣಿಯೋ ಎಂದು ಕೇಳಿದ್ದೀರಿ. ಮುಂದೆ ಮೈನ್ ಪ್ಲಾನರ್, ಅಂದರೆ ಗಣಿಯಲ್ಲಿ ಎಲ್ಲಿ, ಯಾವಾಗ, ಎಷ್ಟು ಅಗೆಯಬೇಕೆಂದು ಯೋಜಿಸುವವರು, ಆಗಬೇಕೆಂಬ ಆಸೆಯೂ ಇದೆ. ಹಾಗಿದ್ದರೆ ಖಂಡಿತ ಸಂಡೂರಿಗೆ ಹೋಗಿ.

ಸರ್ಪ್ಯಾಕ್, ಡೇಟಾಮೈನ್‌ನಂಥ ಗಣಿ ಪ್ಲಾನಿಂಗ್ ಸಾಫ್ಟ್‌ವೇರ್ ಆಮೇಲೂ ಕಲಿಯಬಹುದು. ಗಣಿ ಗೊತ್ತಿಲ್ಲದೆ ಕೂತು ಮಾಡಿದ ಪ್ಲಾನ್ ಪರದೆಯ ಮೇಲಷ್ಟೇ ಚಂದ. ಮಳೆಗಾಲದ ಒಂದು ಶಿಫ್ಟ್ ನೋಡಿ. ಅದಿರು ಸಾಗಿಸುವ ಹಾಲ್ ರೋಡ್ ಕೆಸರಾಗುತ್ತದೆ, 16 ಮೀಟರಿಗೆ 1 ಮೀಟರ್ ಏರುವ ಇಳಿಜಾರಿನಲ್ಲೇ ಲೋಡಾದ ಡಂಪರ್ ತಿಣುಕುತ್ತದೆ, ಒಂದೊಂದು ಟ್ರಿಪ್‌ಗೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಕೆಳಗೆ ಡಂಪರ್‌ಗೆ ತುಂಬುವ ಶವೆಲ್ ಯಂತ್ರ ಸುಮ್ನೆ ನಿಂತಿರುತ್ತದೆ. ಇದನ್ನು ಕಂಡವರು ಜುಲೈಗೂ ಜನವರಿಗೂ ಒಂದೇ ಟನ್ನೇಜ್ ಬರೆಯುವುದಿಲ್ಲ. ಒಂದು ಟನ್ ಅದಿರಿಗೆ ಎಷ್ಟು ಕಲ್ಲುಮಣ್ಣು ತೆಗೆಯಬೇಕು ಎಂಬ ಸ್ಟ್ರಿಪ್ಪಿಂಗ್ ರೇಶಿಯೋ ಲೆಕ್ಕವೂ ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಬೆಂಚಿನ ಮೇಲೆ ನಿಂತಾಗಲೇ ತಲೆಗೆ ಹತ್ತುವುದು.

ಇನ್ನೊಂದು ದೊಡ್ಡ ಕಾರಣ, ಗಣಿ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಇಲಾಖೆ ಡಿಜಿಎಂಎಸ್ ಕೊಡುವ ಗಣಿ ಮ್ಯಾನೇಜರ್ ಸರ್ಟಿಫಿಕೇಟ್. ಅದಕ್ಕೆ ಗಣಿಯಲ್ಲಿ ಕೆಲಸ ಮಾಡಿದ ಅನುಭವ ಬೇಕೇ ಬೇಕು. ಬರೀ ಓಪನ್‌ಕಾಸ್ಟ್ (ತೆರೆದ ಗಣಿ) ಅನುಭವವಿದ್ದರೆ ಸಿಗುವುದು ಅಂಥ ಗಣಿಗಳಿಗಷ್ಟೇ ಸೀಮಿತವಾದ ರಿಸ್ಟ್ರಿಕ್ಟೆಡ್ ಸರ್ಟಿಫಿಕೇಟ್. ಅನ್‌ರಿಸ್ಟ್ರಿಕ್ಟೆಡ್ ಬೇಕೆಂದರೆ ಭೂಮಿಯೊಳಗೆ ಇಳಿಯಲೇಬೇಕು, ಹಟ್ಟಿ ಚಿನ್ನದ ಗಣಿಯಂಥ ಕಡೆ ಅವಕಾಶ ಸಿಕ್ಕರೆ ಬಿಡಬೇಡಿ. ಡೆಸ್ಕಿನಲ್ಲಿ ಕಳೆದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದೇ ನನಗೆ ಭಯ.

ಸಂಡೂರಿನಲ್ಲಿ ಸಂಬಳ ಸ್ವಲ್ಪ ಕಡಿಮೆ ಎಂದಿದ್ದೀರಿ. ಅಲ್ಲಿ ವಸತಿ, ಊಟ ಕೊಡುತ್ತಾರಾ ಕೇಳಿ, ಆಗ ವ್ಯತ್ಯಾಸ ಅಷ್ಟೇನೂ ಉಳಿಯಲಿಕ್ಕಿಲ್ಲ. ವಾರಕ್ಕೊಮ್ಮೆ ಪ್ಲಾನಿಂಗ್ ಸೆಕ್ಷನ್‌ನಲ್ಲಿ ಕೂರಲು ಬಿಡುತ್ತೀರಾ ಎಂದೂ ಸೇರುವ ಮುಂಚೆಯೇ ಕೇಳಿಬಿಡಿ.