‘ಪಾರಾದವರು’ ಯಾವ ಇಲಾಖೆಗೆ ಸೇರಿದವರು?

ತಿಪಟೂರು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: “ನಿಮ್ಮ ಕಳೆದ ಸಂಚಿಕೆಯಲ್ಲಿ ಒಂದು ಅಪಘಾತದ ಸುದ್ದಿ ‘ಬೈಕ್ ಸವಾರ ಪ್ರಾಣಾಪಾಯದಿಂದ ಪಾರಾಗಿದ್ದಾರೆ’ ಎಂದು ಮುಗಿದಿತ್ತು. ನಾಲ್ಕು ವರ್ಷದ ಹಿಂದೆ ಟೆಂಪೊ ಗುದ್ದಿದಾಗ ನನ್ನ ತಮ್ಮನೂ ಹೀಗೆಯೇ ಪಾರಾದ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಈಗ 34 ವರ್ಷ. ನಡೆಯುತ್ತಾನೆ, ಮಾತನಾಡುತ್ತಾನೆ. ಆದರೆ ಉಂಡ ಅರ್ಧ ಗಂಟೆಗೆ ಊಟ ಬಡಿಸಿಲ್ಲವೆಂದು ಜಗಳ ತೆಗೆಯುತ್ತಾನೆ. ಒಲೆ ಹಚ್ಚಿ ಮರೆಯುತ್ತಾನೆ. ವೈದ್ಯಕೀಯ ಮಂಡಳಿಯವರು ಎಡಗೈ ನೋಡಿ ಶೇ 30 ಎಂದು ಬರೆದರು. 40 ಇಲ್ಲದಿದ್ದರೆ ಪಿಂಚಣಿ ಇಲ್ಲವಂತೆ. ಒಬ್ಬರು ವಿಕಲಚೇತನರ ಇಲಾಖೆಗೆ ಹೋಗಿ ಎನ್ನುತ್ತಾರೆ, ಇನ್ನೊಬ್ಬರು ಮಾನಸಿಕ ವಿಭಾಗ ಎನ್ನುತ್ತಾರೆ. ಪರಿಹಾರದ ಕೇಸು ಇನ್ನೂ ನಡೆಯುತ್ತಿದೆ. ನನ್ನ ತಮ್ಮ ಯಾವ ಇಲಾಖೆಗೆ ಸೇರಿದವನು? ಹೋದ ತಿಂಗಳು ಅವನು ಬರೆದ ಲೆಕ್ಕದ ಹಾಳೆಯೊಂದನ್ನು ಇದರೊಂದಿಗೆ ಇಟ್ಟಿದ್ದೇನೆ.”

ತಾಯಿ,

ಆ ಸಾಲು ನನ್ನದೇ. ವರದಿಗಾರರು ಕಳಿಸಿದ್ದು ‘ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ’ ಎಂದು. ಪುಟದಲ್ಲಿ ಸ್ವಲ್ಪ ಜಾಗ ಉಳಿದಿತ್ತು, ನಾನು ‘ಪ್ರಾಣಾಪಾಯದಿಂದ ಪಾರು’ ಸೇರಿಸಿದೆ. ಮೂವತ್ತು ವರ್ಷಗಳಿಂದ ಬರೆದು ಬರೆದು ಅದು ಕೈಯೇ ಬರೆಯುವ ಸಾಲಾಗಿದೆ. ಪಾರಾದವರು ಆಮೇಲೆ ಏನಾದರು ಎಂದು ನೋಡಲು ಒಮ್ಮೆಯೂ ಹೋದವನಲ್ಲ. ನಿಮ್ಮ ಕೋಪಕ್ಕೆ ಉತ್ತರವಿಲ್ಲ. ನಿಮ್ಮ ಪ್ರಶ್ನೆಗೆ ಸ್ವಲ್ಪ ಮಟ್ಟಿಗೆ ಇದೆ.

ಕಾನೂನಿನ ಪ್ರಕಾರ ನಿಮ್ಮ ತಮ್ಮನಿಗೆ ಹೆಸರಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ 21 ಇವೆ. ದೃಷ್ಟಿ, ಶ್ರವಣ, ಕುಬ್ಜತೆ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್, ಥಲಸ್ಸೇಮಿಯಾ ಎಲ್ಲವೂ ಇವೆ. ‘ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಆದ ಹಾನಿ’ ಎಂಬ ಸಾಲು ಮಾತ್ರ ಇಲ್ಲ. ಪಟ್ಟಿಯು ಕಾರಣವನ್ನು ನೋಡುವುದಿಲ್ಲ, ಪರಿಣಾಮವನ್ನು ನೋಡುತ್ತದೆ ಎಂದು ಅಧಿಕಾರಿಗಳು ವಾದಿಸಬಹುದು. ಆದರೆ ಅದೇ ಪಟ್ಟಿಯಲ್ಲಿ ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ, ಕೊಟ್ಟದ್ದು ಸರಿಯಾಗಿಯೂ ಇದೆ. ಪಟ್ಟಿಯ ಕೊನೆಯಲ್ಲಿ ‘ಕೇಂದ್ರ ಸರ್ಕಾರ ಅಧಿಸೂಚಿಸುವ ಇತರ ಯಾವುದೇ ವರ್ಗ’ ಎಂಬ ಸಾಲೂ ಇದೆ. ಅಂದರೆ ಸಂಸತ್ತು ಸೇರಬೇಕಿಲ್ಲ, ಒಂದು ಅಧಿಸೂಚನೆ ಸಾಕು. ಅಮೆರಿಕದವರು ಮಿದುಳಿನ ಗಾಯದ ಹೆಸರಿನಲ್ಲೇ 1996ರಲ್ಲಿ ಒಂದು ಕಾಯ್ದೆ ಮಾಡಿಕೊಂಡರು.

ಹೆಸರಿಲ್ಲದವನಿಗೆ ಏನಾಗುತ್ತದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಶೇಕಡಾ ಎಷ್ಟು ಎಂದು ಹೇಳುವವರು ಆರೋಗ್ಯ ಇಲಾಖೆಯ ವೈದ್ಯರು. ಸೌಲಭ್ಯ ಕೊಡುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಪಿಂಚಣಿ ಮಾತ್ರ ಕಂದಾಯ ಇಲಾಖೆಯದು, ಅರ್ಜಿ ನಾಡಕಚೇರಿಯಲ್ಲಿ. ಪರಿಹಾರ ನ್ಯಾಯಾಲಯದ್ದು. ಹೆಸರುಳ್ಳ ಕಾಯಿಲೆಯಾದರೆ ಕಡತವಾದರೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ. ಇಲ್ಲಿ ಕಡತದ ಬದಲು ಅಕ್ಕನೇ ಓಡಾಡಬೇಕು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಬಜೆಟ್ ಘೋಷಿಸಿದಾಗ ನಮ್ಮ ಪತ್ರಿಕೆಯೂ ಹೊಗಳಿ ಬರೆದಿತ್ತು. ನಾಲ್ಕು ಹೆಸರುಗಳನ್ನು ಓದುವಾಗ ಐದನೆಯದು ನೆನಪಾಗಲಿಲ್ಲ.

ಈಗ ಆ ಶೇ 30ರ ವಿಚಾರ. ನನ್ನ ದೃಷ್ಟಿಯಲ್ಲಿ ಗಂಟು ಬಿದ್ದಿರುವುದು ಇಲ್ಲೇ.

ಮಂಡಳಿಯವರು ಸುಳ್ಳು ಬರೆದಿಲ್ಲ. ಕೈಗೆ ಅಷ್ಟೇ ಆಗಿರಬಹುದು. ಆದರೆ ನಿಮ್ಮ ಮನೆಯ ಕಷ್ಟ ಕೈಯದಲ್ಲ. ತಲೆ ರಭಸದಿಂದ ಬಡಿದಾಗ ಬುರುಡೆಯೊಳಗೆ ಮಿದುಳು ಅಲುಗಾಡಿ, ಹಣೆಯ ಹಿಂದಿನ ಭಾಗಕ್ಕೂ ಕಿವಿಗಳ ಬದಿಯ ಭಾಗಕ್ಕೂ ಹೆಚ್ಚು ಪೆಟ್ಟಾಗುತ್ತದೆ. ಕೋಪಕ್ಕೆ ಕಡಿವಾಣ ಹಾಕುವುದು, ಒಂದು ಕೆಲಸ ಹಿಡಿದು ಮುಗಿಸುವುದು, ಹೊಸದನ್ನು ನೆನಪಿಡುವುದು ಎಲ್ಲವೂ ಆ ಭಾಗಗಳ ಕೆಲಸ. ನರತಂತುಗಳು ಅಲ್ಲಲ್ಲಿ ಹರಿದಿದ್ದರೆ ಸಿಟಿ ಸ್ಕ್ಯಾನ್‌ನಲ್ಲಿ ಕಾಣದೆಯೂ ಹೋಗಬಹುದು. ನಮ್ಮ ಮುದ್ರಣಾಲಯದಲ್ಲಿದ್ದ ಹಿರಿಯರೊಬ್ಬರು ಗುಬ್ಬಿಯ ತಮ್ಮ ತೋಟದಲ್ಲಿ ತೆಂಗಿನಮರದಿಂದ ಬಿದ್ದಿದ್ದರು. ಮೂರೇ ತಿಂಗಳಲ್ಲಿ ಸೈಕಲ್ ತುಳಿಯುತ್ತ ಬಂದರು. ಎಲ್ಲರೂ ಸಿಹಿ ಹಂಚಿದೆವು. ಆಮೇಲೆ ಒಂದೇ ಫಾರಂ ಅನ್ನು ಎರಡು ಸಲ ಅಚ್ಚು ಹಾಕಿದರು, ಕೇಳಿದ ಹುಡುಗನ ಮೇಲೆ ಕೈ ಎತ್ತಿದರು. ಕುಡಿಯುತ್ತಾರೇನೋ ಎಂದು ನಾವೇ ಮಾತನಾಡಿಕೊಂಡೆವು. ಬದುಕಿನಲ್ಲಿ ಎಂದೂ ಕುಡಿದವರಲ್ಲ.

ಹಾಗಾಗಿ ಮೂಳೆ ವೈದ್ಯರ ಅಳತೆಗೋಲಿನಿಂದ ನಿಮ್ಮ ತಮ್ಮನನ್ನು ಅಳೆಯಲಾಗದು. ಕಾಯ್ದೆಯಲ್ಲೇ ಇನ್ನೊಂದು ಕೋಲಿದೆ. ‘ಮಾನಸಿಕ ಅಸ್ವಸ್ಥತೆ’ ಎಂಬುದಕ್ಕೆ ಅದು ಕೊಟ್ಟಿರುವ ವಿವರಣೆಯನ್ನು ನಿಧಾನವಾಗಿ ಓದಿ: ಆಲೋಚನೆ, ಭಾವಸ್ಥಿತಿ, ಗ್ರಹಿಕೆ, ಸ್ಥಳ ಕಾಲಗಳ ಅರಿವು ಅಥವಾ ಜ್ಞಾಪಕಶಕ್ತಿಯಲ್ಲಿ ಗಣನೀಯ ಏರುಪೇರಾಗಿ, ವಿವೇಚನೆಗೆ, ನಡವಳಿಕೆಗೆ, ದಿನನಿತ್ಯದ ಬದುಕಿಗೆ ತೀವ್ರ ತೊಡಕಾಗುವುದು. ಜ್ಞಾಪಕಶಕ್ತಿ ಎಂಬ ಪದ ಅಲ್ಲಿದೆ. ಇದನ್ನು ಅಳೆಯಲು ಮನೋವೈದ್ಯರು ಬಳಸುವ ‘ಐಡಿಯಾಸ್’ ಎಂಬ ಮಾಪನವು ನಾಲ್ಕು ಸಂಗತಿಗಳನ್ನು ಕೇಳುತ್ತದೆ: ತನ್ನನ್ನು ತಾನು ನೋಡಿಕೊಳ್ಳುತ್ತಾನೆಯೇ, ಜನರೊಂದಿಗೆ ಹೇಗಿರುತ್ತಾನೆ, ಹೇಳಿದ್ದು ತಿಳಿಯುತ್ತದೆಯೇ, ದುಡಿಯಬಲ್ಲನೇ. ಎಷ್ಟು ಕಾಲದಿಂದ ಹೀಗಿದೆ ಎಂಬುದಕ್ಕೂ ಅಂಕವಿದೆ. ನಿಮ್ಮ ಪತ್ರದ ತುಂಬ ಇರುವುದು ಈ ಪ್ರಶ್ನೆಗಳ ಉತ್ತರಗಳೇ.

ಇದಕ್ಕೆ ನಿಮ್ಮ ಮನೆಯಲ್ಲಿ ವಿರೋಧ ಬರಬಹುದು. ‘ನಮ್ಮ ಹುಡುಗನಿಗೆ ಹುಚ್ಚು ಎಂದು ಬರೆಸುತ್ತೀಯಾ, ನಾಳೆ ಹೆಣ್ಣು ಕೊಡುವವರು ಯಾರು’ ಎನ್ನುತ್ತಾರೆ. ಅದನ್ನು ಮೌಢ್ಯವೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ, ಊರು ಹಾಗೆಯೇ ನೋಡುತ್ತದೆ. ಮಿದುಳಿನ ಗಾಯಕ್ಕೆ ಸ್ವಂತ ಹೆಸರು ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಹೆಸರು ಬರುವವರೆಗೆ ಇರುವ ಬಾಗಿಲನ್ನೇ ತಟ್ಟಬೇಕು.

ತಟ್ಟುವುದು ಹೀಗೆ. ಮರುಪರಿಶೀಲನೆಗೆ ಅರ್ಜಿ ಕೊಡುವಾಗ ‘ಬಹುವಿಧ ವೈಕಲ್ಯ’ ಎಂದು ಬರೆದು, ಮಂಡಳಿಯಲ್ಲಿ ಮನೋವೈದ್ಯರೂ ಇರಬೇಕೆಂದು ಲಿಖಿತವಾಗಿ ಕೇಳಿ. ಅದಕ್ಕೆ ಮುಂಚೆ ನಿಮ್ಹಾನ್ಸ್‌ನಲ್ಲಿ ನರ ಮನಶ್ಶಾಸ್ತ್ರೀಯ ಪರೀಕ್ಷೆ ಮಾಡಿಸಿ. ನೆನಪು, ಗಮನ, ಯೋಜನಾಶಕ್ತಿಗಳನ್ನು ಗಂಟೆಗಟ್ಟಲೆ ಕೂರಿಸಿ ಪರೀಕ್ಷಿಸುತ್ತಾರೆ. ಆ ವರದಿಯ ತೂಕವೇ ಬೇರೆ. ಅಲ್ಲಿ ನರರೋಗ ಪುನರ್ವಸತಿ ವಿಭಾಗವೂ ಇದೆ. ಬೆಂಗಳೂರಿಗೆ ಪದೇಪದೇ ಹೋಗಲಾಗದಿದ್ದರೆ, ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ, ನಿಮ್ಮಲ್ಲಿ ಯಾವಾಗ ಎಂದು ವಿಚಾರಿಸಿ. ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶವನ್ನು ಹುಡುಕಿಡಿ. ಅದರಲ್ಲಿ ‘ಜಿಸಿಎಸ್’ ಎಂದು 3ರಿಂದ 15ರೊಳಗಿನ ಒಂದು ಅಂಕಿ ಇರುತ್ತದೆ. ದಾಖಲಾದಾಗ ಪ್ರಜ್ಞೆ ಎಷ್ಟಿತ್ತು ಎಂಬುದರ ಲೆಕ್ಕ ಅದು, 8 ಅಥವಾ ಅದಕ್ಕೂ ಕಡಿಮೆ ಇದ್ದರೆ ಪೆಟ್ಟು ತೀವ್ರವಾದದ್ದು ಎಂದರ್ಥ.

ಎರಡು ವೈಕಲ್ಯಗಳನ್ನು ಸೇರಿಸುವಾಗ ನೇರವಾಗಿ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರವಿದೆ. ಕೈಯದು 30, ಮನಸ್ಸಿನದು 40 ಎಂದಾದರೆ ಮೊತ್ತ 70 ಆಗದು, ಸುಮಾರು 57 ಆಗುತ್ತದೆ. ಹಾಗಾದರೂ 40 ದಾಟಿತಲ್ಲ. ರಾಜ್ಯದಲ್ಲಿ ಶೇ 40ರಿಂದ 74ರವರೆಗಿನವರಿಗೆ ತಿಂಗಳಿಗೆ 800 ರೂಪಾಯಿ, 75 ದಾಟಿದವರಿಗೆ 1,400 ರೂಪಾಯಿ ಪಿಂಚಣಿ. ಇಷ್ಟಕ್ಕೆ ಇಷ್ಟು ಓಡಾಟವೇ ಎಂದು ನೀವು ಕೇಳಿದರೆ ನಾನು ಎದುರಾಡುವುದಿಲ್ಲ. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಇದ್ದರೆ ಬಸ್ ಪಾಸು, ಸಾಲ, ಪಂಚಾಯಿತಿ ವಿಕಲಚೇತನರಿಗಾಗಿ ತೆಗೆದಿಡುವ ಶೇ 5ರ ಅನುದಾನ ಎಲ್ಲಕ್ಕೂ ಅರ್ಜಿ ಹಾಕಬಹುದು ಎಂಬುದಷ್ಟೇ ಸಮಾಧಾನ. ಮಂಡಳಿ ಮತ್ತೆ ಒಪ್ಪದಿದ್ದರೆ ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ಅವಕಾಶ ಕೊಡುತ್ತದೆ. ಇದಕ್ಕೆಲ್ಲ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ. ಅವರೂ ವಿಕಲಚೇತನರೇ. ಸಣ್ಣ ಗೌರವಧನಕ್ಕೆ ದುಡಿಯುವವರು. ಯಾವ ಕಚೇರಿಯಲ್ಲಿ ಯಾವ ಗುಮಾಸ್ತರ ಬಳಿ ಮಾತನಾಡಬೇಕೆಂಬುದು ಅವರಿಗೆ ಗೊತ್ತಿರುವಷ್ಟು ಸಂಪಾದಕರಿಗೆ ಗೊತ್ತಿರುವುದಿಲ್ಲ.

ಕೇಸಿನ ಬಗ್ಗೆ ಎರಡು ಮಾತು. ಎದುರು ಪಕ್ಷದ ವಕೀಲರು ಈ ಶೇ 30ನ್ನೇ ಹಿಡಿದು ಜಗ್ಗುತ್ತಾರೆ. ಜಗ್ಗಲಿ. ವೈದ್ಯರು ಬರೆದ ಶೇಕಡಾ ಬೇರೆ, ಗಾಯದಿಂದ ಕಳೆದುಹೋದ ದುಡಿಯುವ ಶಕ್ತಿಯ ಶೇಕಡಾ ಬೇರೆ ಎಂದು ಸುಪ್ರೀಂ ಕೋರ್ಟ್ ‘ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್’ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಲೆಕ್ಕ ಬರೆಯುವವನಿಗೆ ಲೆಕ್ಕವೇ ತಪ್ಪಿದ ಮೇಲೆ ಉಳಿದದ್ದು ಶೇ 70 ಎಂದು ಯಾರು ಹೇಳಬಲ್ಲರು? 2020ರಲ್ಲಿ, ಬಾಲ್ಯದಲ್ಲಿ ತಲೆಗೆ ಪೆಟ್ಟು ಬಿದ್ದಿದ್ದ ಹುಡುಗಿಯೊಬ್ಬಳ ಪ್ರಕರಣದಲ್ಲಿ ಅದೇ ನ್ಯಾಯಾಲಯ ನೋಡಿಕೊಳ್ಳುವವರ ಖರ್ಚನ್ನು ವಯಸ್ಸಿಗೆ ತಕ್ಕಂತೆ ನಿಗದಿಯಾದ ವರ್ಷಗಳ ಸಂಖ್ಯೆಯಿಂದ (‘ಗುಣಕ’ ಎನ್ನುತ್ತಾರೆ) ಗುಣಿಸಿ ಕೊಡಿಸಿತು. ನಿಮ್ಮ ದುಡಿಮೆಗೂ ಬೆಲೆ ಕಟ್ಟುವಂತೆ ವಕೀಲರಿಗೆ ಹೇಳಿ. ವಕೀಲರ ಶುಲ್ಕ ಭಾರವಾಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ವಿಕಲಚೇತನರಿಗೂ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ.

ಜಮೀನಿನ ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಅವನಿಗೆ ಏನೂ ತಿಳಿಯದು ಎಂದು ನೆಂಟರು ಹೇಳುತ್ತಿದ್ದಾರೆ ಎಂದೂ ಬರೆದಿದ್ದೀರಿ. ಬೇಡ. ನೆನಪು ಕೆಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ತೀರಾ ಅಗತ್ಯವಾದರೆ ‘ಸೀಮಿತ ಪಾಲಕತ್ವ’ ಎಂಬುದು ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಕಲಂನಲ್ಲಿದೆ: ಒಂದು ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಅವನೊಂದಿಗೆ ಕೂಡಿ ನಿರ್ಧಾರ ಮಾಡುವ ವ್ಯವಸ್ಥೆ.

ಜಿಲ್ಲಾಡಳಿತಕ್ಕೆ ನಮ್ಮ ಕಡೆಯಿಂದ ಒಂದೇ ಕೋರಿಕೆ ಹೋಗಿದೆ. ತಲೆಗೆ ಪೆಟ್ಟು ಬಿದ್ದವರು ಮಂಡಳಿಯ ಮುಂದೆ ಬರುವ ದಿನ ಮೂಳೆ ವೈದ್ಯರ ಪಕ್ಕದಲ್ಲಿ ಮನೋವೈದ್ಯರ ಕುರ್ಚಿಯೂ ಇರಲಿ. ಪಾವಗಡದಿಂದ ಬಂದವರು ಅದಕ್ಕಾಗಿ ಇನ್ನೊಂದು ದಿನ ನೂರು ಕಿಲೋಮೀಟರ್ ಬರುವಂತಾಗದಿರಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಹೆಚ್ಚಿನ ಹಣವೂ ಬೇಡ.

ಇನ್ನು ನೀವು ಕಳಿಸಿದ ಹಾಳೆ. ಎರಡು ಸಲ ನೋಡಿದೆ. ಅಕ್ಷರ ಮುತ್ತಿನಂತಿದೆ, ಕಾಲಂಗಳು ನೆಟ್ಟಗಿವೆ. ಒಂದೇ ರೈತರ ಮೂರು ಚೀಲ ಕೊಬ್ಬರಿ ನಾಲ್ಕು ಕಡೆ ಬಂದಿದೆ. ಕೆಳಗೆ ಮೊತ್ತ ಬರೆಯಬೇಕಾದಲ್ಲಿ ಗೆರೆ ಎಳೆದು ಹಾಗೆಯೇ ಬಿಟ್ಟಿದ್ದಾನೆ. ಅಪಘಾತಕ್ಕೆ ಮುಂಚಿನ ಲೆಕ್ಕದ ಪುಸ್ತಕ ಮಂಡಿಯಲ್ಲಿ ಇನ್ನೂ ಇದ್ದರೆ ಒಂದು ಹಾಳೆಯ ನಕಲು ಕೇಳಿ ಪಡೆಯಿರಿ. ಮಂಡಳಿಯ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಡಿ. ಪ್ರತಿ ಇಟ್ಟುಕೊಂಡು ಮೂಲವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಿಂದಿರುಗಿಸುತ್ತಿದ್ದೇನೆ.

ಸಂಪಾದಕ